ಅಪ್ಪನ ಮೂರು ಟ್ಯಾಂಕು

ನನ್ನ ಅಪ್ಪ ಸೈನ್ಯದಲ್ಲಿ ಯುದ್ಧದ ಟ್ಯಾಂಕುಗಳ ರಿಪೇರಿ ಮಾಡಿ, ಪಿಂಚಣಿಯೊಂದಿಗೆ ಐಮಂಗಲಕ್ಕೆ ಮರಳಿದವರು. ನಮ್ಮ ಕಡೆ ಟ್ಯಾಂಕು ಎಂದರೆ ಒಂದೇ ಅರ್ಥ: ಕಂಬಗಳ ಮೇಲೆ ನಿಂತು, ಮನಸ್ಸು ಬಂದಾಗ ನೀರು ಬಿಡುವಂಥದ್ದು. "ಟ್ಯಾಂಕಿನಾಗೆ ಇದ್ದೋರು" ಎಂದು ಯಾರಾದರೂ ಪರಿಚಯಿಸಿದರೆ ಕೇಳಿದವರು ಅಪ್ಪನನ್ನು ನೀರುಗಂಟಿ ಎಂದೇ ತಿಳಿಯುತ್ತಿದ್ದರು. ಅಪ್ಪ ತಿದ್ದುತ್ತಿರಲಿಲ್ಲ. ಜನ ತಪ್ಪು ತಿಳಿದಿದ್ದಾರೆ ಎಂಬುದೇ ಅವರಿಗೆ ಹೊಳೆಯುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಮೂರು ಮಧ್ಯಮ ಗಾತ್ರದ ಟ್ಯಾಂಕುಗಳೆಂದರೆ ಅಪ್ಪನಿಗೆ ಪ್ರಾಣ. ಅಮೆರಿಕದ ಶರ್ಮನ್ ಒಂದನ್ನು ಮಾತ್ರ ಅವರು ಕೈಯಾರೆ ಬಿಚ್ಚಿ ಜೋಡಿಸಿದ್ದರು. ಅದು ಎಲ್ಲಿ ಕೆಟ್ಟರೂ ಅಲ್ಲೇ ಸರಿಮಾಡಬಹುದು, ಆದರೆ ಎತ್ತರದ ದೇಹ, ದೂರದಿಂದಲೇ ಕಾಣುತ್ತದೆ, ಏಟು ಬಿದ್ದರೆ ಬೇಗ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಪಾಂಜರಿನ ಕಣ್ಣು ಚುರುಕು, ಆದರೆ ಕೆಸರೆಂದರೆ ಅಷ್ಟಕ್ಕಷ್ಟೆ. ಅಪ್ಪ ಎಂದೂ ಮುಟ್ಟಿಯೇ ಇರದ ರಷ್ಯದ ಟಿ-34ರ ಮೇಲೆ ಮಾತ್ರ ಎಲ್ಲಿಲ್ಲದ ಮೋಹ. ಚಕ್ರಗಳನ್ನು ಸುತ್ತುವ ಅದರ ಅಗಲವಾದ ಉಕ್ಕಿನ ಪಟ್ಟಿ ಮಳೆ ಬಿದ್ದ ಎರೆಹೊಲದಲ್ಲೂ ಹೂತುಕೊಳ್ಳುವುದಿಲ್ಲವಂತೆ. ಅದರ ಓರೆ ಕವಚದ ಮಹಿಮೆ ತೋರಿಸಲು ಅಮ್ಮನ ಮೊರವನ್ನು ಓರೆಯಾಗಿ ನಿಲ್ಲಿಸಿ ಶೇಂಗಾ ಎಸೆಯುತ್ತಿದ್ದರು. ಜಾರಿಬಿದ್ದ ಶೇಂಗಾ ಆರಿಸುವುದು ನನ್ನ ಪಾಲಿನ ಸೈನಿಕ ಸೇವೆ.

ಇಂಥ ಟಿ-34ಕ್ಕೂ ಒಂದು ದೋಷವಿತ್ತು. ನೆಂಟರ ಮನೆಯ ಗುಟ್ಟು ಹೇಳುವಂತೆ ಅಪ್ಪ ದನಿ ತಗ್ಗಿಸಿ ಹೇಳುತ್ತಿದ್ದರು: "ಒಳಗೆ ಭಾಳ ಇಕ್ಕಟ್ಟು ಕಣವ್ವ. ಕುಂತೋರು ಮೊಣಕಾಲು ಮಡಚ್ಕೊಂಡೇ ಇರಬೇಕು."

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲೇ ರೂಮು ಮಾಡಿಕೊಂಡಿದ್ದು, ಶನಿವಾರ ಊರಿಗೆ ಬಂದರೆ ಗಂಡಿನ ಕಡೆಯವರು ಕಾದಿರುತ್ತಿದ್ದರು. ಚಿತ್ರದುರ್ಗದ ಬ್ಯಾಂಕಿನ ಹುಡುಗನೊಬ್ಬ ನಮ್ಮ ಓಣಿಯ ಕೆಸರಿಗೆ ಹೆದರಿ ಬೂಟು ಕೈಯಲ್ಲಿ ಹಿಡಿದು ಬಂದ. ಅವನು ಹೋದ ಮೇಲೆ ಅಪ್ಪ, "ಪಾಂಜರ್" ಎಂದರು. ಸಂಬಂಧ ಅಲ್ಲಿಗೇ ಮುಗಿಯಿತು.

ಮುಂದಿನ ಭಾನುವಾರ ಹೊಳಲ್ಕೆರೆ ಕಡೆಯ ಬಿ.ದುರ್ಗದಿಂದ ಬಂದವರು ಅದೇ ಕೆಸರನ್ನು ನೋಡದೆಯೇ ತುಳಿದು ಬಂದರು. ದೊಡ್ಡ ಒಕ್ಕಲುತನದ, ತುಂಬಿದ ಮನೆ. ಅಪ್ಪನ ಕಣ್ಣು ಹೊಳೆದದ್ದು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಉಪ್ಪಿಟ್ಟು ತಿನ್ನುತ್ತಾ ಹುಡುಗನ ತಂದೆ ಕೇಳಿದರು, "ಟ್ಯಾಂಕಿನಾಗೆ ಇದ್ರಂತಲ್ರಿ. ಸೋರ್ತಿತ್ತೇನು?"

ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ಅಪ್ಪ ಹಿಗ್ಗಿದರು. "ಸೋರದೇ ಇರೋ ಟ್ಯಾಂಕು ನಾನು ನೋಡೇ ಇಲ್ರಿ."

"ನಮ್ಮೂರಿಂದೂ ಹಂಗೇ ಐತೆ."

ಇಬ್ಬರೂ ಸಮಾಧಾನದಿಂದ ತಲೆಯಾಡಿಸಿದರು. ಹುಡುಗ ಬಾಯಿ ಬಿಡಲಿಲ್ಲ. ಅವನ ಪರವಾಗಿ ತಂದೆಯೇ ಮಾತು ಮುಂದುವರಿಸಿದರು: "ಮದುವೆ ಆದ್ಮೇಲೆ ಹುಡುಗಿ ಕೆಲಸ ಬಿಡಬೇಕ್ರಿ. ನಮ್ಮನ್ಯಾಗೆ ಏನು ಕಮ್ಮಿ ಐತೆ?"

ಅಪ್ಪ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ಗಟ್ಟಿ ಮನೆತನ ಕಣವ್ವ. ಯಾವ ಕೆಸರಿನಾಗೂ ನಿಲ್ಲಲ್ಲ. ಟಿ-34 ಅಂದ್ರೆ ಟಿ-34. ಹೂಂ ಅನ್ನಲಾ?"

ನಾನು ಕಾಫಿಯ ತಟ್ಟೆಯನ್ನು ಸದ್ದಾಗುವಂತೆಯೇ ಕೆಳಗಿಟ್ಟೆ. "ಅಪ್ಪಾಜಿ, ಹೊರಗೆ ನಿಂತು ನೋಡೋರು ನೀವು. ಒಳಗೆ ಕುಂತ್ಕಳೋಳು ನಾನು. ಜನ್ಮ ಪೂರ್ತಿ ಮೊಣಕಾಲು ಮಡಚ್ಕೊಂಡಿರಾಕೆ ನನ್ ಕೈಲಿ ಆಗಲ್ಲ."

ಅಪ್ಪ ಗೋಡೆಗೆ ಓರೆಯಾಗಿ ಒರಗಿಸಿದ್ದ ಮೊರವನ್ನು ಸ್ವಲ್ಪ ಹೊತ್ತು ನೋಡಿದರು. ತಮ್ಮ ಪ್ರೀತಿಯ ಟ್ಯಾಂಕಿನ ಮೇಲೆ ಇಂಥ ಏಟು ಬಿದ್ದದ್ದು ಅದೇ ಮೊದಲಿರಬೇಕು. ಆಮೇಲೆ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ನಡುಮನೆಗೆ ಹೋದರು.

"ತಪ್ಪು ತಿಳ್ಕಬ್ಯಾಡ್ರಿ. ಟ್ಯಾಂಕು ಭಾಳ ಚೆನ್ನಾಗೈತೆ," ಎಂದರು ಅಪ್ಪ. "ಆದ್ರೆ ಒಳಗೆ ಕುಂತ್ಕಳೋರಿಗೆ ಜಾಗ ಸಾಲದಂತೆ. ಬಿಟ್ಬಿಡಾಣ."

ಹುಡುಗನ ತಂದೆ ಉಪ್ಪಿಟ್ಟಿನ ಕೈಯನ್ನು ಹಾಗೇ ಹಿಡಿದು ಯೋಚಿಸಿದರು. "ಅಲ್ರಿ, ಟ್ಯಾಂಕಿನೊಳಗೆ ಯಾರು ಹೋಗಿ ಕುಂತ್ಕಂತಾರೆ?"

ಅಪ್ಪ ಆಗಲೂ ತಿದ್ದಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಗೆಂದು ಹಿರಿಯೂರಿನಲ್ಲಿ ಹತ್ತಿದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಹೊಸದುರ್ಗದವರೆಗೂ ನಾನು ನೆಟ್ಟಗೆ ನಿಂತುಕೊಂಡೇ ಹೋದೆ.