ನೆನಪಿಸುವ ಕೆಲಸ

ದೆಹಲಿಯ ಒಬ್ಬ ಪೇಟೆಂಟ್ ವಕೀಲರ ಆಫೀಸಿನಲ್ಲಿ ನನಗಿದ್ದದ್ದು ನೆನಪಿಸುವ ಕೆಲಸ. ಪೇಟೆಂಟ್ ಇಪ್ಪತ್ತು ವರ್ಷ ಬಾಳುತ್ತದೆ, ಆದರೆ ವರ್ಷ ವರ್ಷವೂ ಸರ್ಕಾರಕ್ಕೆ ಫೀಸು ಕಟ್ಟುತ್ತಿದ್ದರೆ ಮಾತ್ರ. ಕಟ್ಟದೆ ಬಿಟ್ಟರೆ ಅವಧಿಗೆ ಮೊದಲೇ ಮುಗಿದುಹೋಗುತ್ತದೆ. ಹಾಗಾಗದಂತೆ ಕಂಪನಿಗಳಿಗೆ ಮುಂಚಿತವಾಗಿ ಪತ್ರ ಬರೆಯುವವಳು ನಾನು. ಮನೆಯಲ್ಲಿ ಗ್ಯಾಸ್ ಮೇಲಿಟ್ಟ ಹಾಲನ್ನು ದಿನಾ ಮರೆಯುತ್ತೇನೆ; ಆಫೀಸಿನಲ್ಲಿ ಒಂದು ತಾರೀಖೂ ತಪ್ಪಿಸಿದವಳಲ್ಲ.

ಅಕ್ಕ ಘಾಜಿಯಾಬಾದಿನಲ್ಲಿದ್ದಳು. ಕಿಡ್ನಿ ಕ್ಯಾನ್ಸರು. ಒಂದು ಮಾತ್ರೆ ಅವಳಿಗೆ ಹಿಡಿಸಿತ್ತು, ಗಡ್ಡೆ ಬೆಳೆಯುವುದು ನಿಂತಿತ್ತು. ಆದರೆ ಅದನ್ನು ಮಾಡುತ್ತಿದ್ದದ್ದು ಒಂದೇ ಕಂಪನಿ, ಅದು ಹೇಳಿದ್ದೇ ಬೆಲೆ. ಭಾವನದು ಫರೀದಾಬಾದಿನ ಕಾರ್ಖಾನೆಯ ಕೆಲಸ. ಒಡವೆಯೆಲ್ಲ ಹೋದ ಮೇಲೆ ಮಾತ್ರೆ ಒಂದು ತಿಂಗಳು ಉಂಟು, ಒಂದು ತಿಂಗಳು ಇಲ್ಲ ಎಂಬಂತಾಯಿತು.

ಒಂದು ಭಾನುವಾರ ಅವರ ಮನೆಗೆ ಹೋಗಿದ್ದಾಗ ಅಕ್ಕ ಕೇಳಿದಳು. "ಲೇ, ನೀನು ಪೇಟೆಂಟಿನ ಆಫೀಸಲ್ಲೇ ಇದ್ದೀಯಲ್ಲ, ಈ ಮಾತ್ರೆ ಪೇಟೆಂಟು ಯಾವಾಗ ಮುಗಿಯುತ್ತೆ ನೋಡೇ. ಮುಗಿದರೆ ಬೇರೆಯವರೂ ಮಾಡ್ತಾರಂತೆ, ಅಗ್ಗ ಆಗುತ್ತಂತೆ. ಡಾಕ್ಟರು ಹೇಳಿದ್ರು."

ಮಾರನೆಯ ದಿನ ಹುಡುಕಲು ಕೂತೆ. ಮಾತ್ರೆಯ ಡಬ್ಬಿಯ ಮೇಲಿನ ಹೆಸರು ಪೇಟೆಂಟಿನಲ್ಲಿ ಇರುವುದಿಲ್ಲ. ರಾಸಾಯನಿಕದ ಹೆಸರು ಹಿಡಿದು, ಕಂಪನಿಯ ಹೆಸರು ಹಿಡಿದು, ಮಧ್ಯಾಹ್ನದ ಹೊತ್ತಿಗೆ ನಂಬರು ಸಿಕ್ಕಿತು. ಆ ನಂಬರು ನನಗೆ ಗೊತ್ತಿತ್ತು. ನಮ್ಮ ಆಫೀಸಿನದೇ ಫೈಲು. ಹಿಂದಿನ ವರ್ಷ ಫೀಸು ಕಟ್ಟಿ ಎಂದು ಅವರಿಗೆ ಪತ್ರ ಬರೆದವಳು ನಾನೇ. ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ. ಊಟದ ಡಬ್ಬಿ ಬಿಚ್ಚಿ ಮೊಸರನ್ನ ತಿಂದೆ, ಉಪ್ಪಿನಕಾಯಿ ಸಮೇತ.

ಆಮೇಲೆ ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ ಕೂಡಿಸಿದೆ. ಪೇಟೆಂಟ್ ಮುಗಿಯುವುದು, ಆಗಿನ್ನೂ ಒಂದನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳು ಕಾಲೇಜು ಸೇರುವ ಹೊತ್ತಿಗೆ.

ಮುಂದಿನ ಭಾನುವಾರ ಹೇಳಿದಾಗ ಅಕ್ಕ ನಕ್ಕುಬಿಟ್ಟಳು. "ಅಯ್ಯೋ ನಿನ್ನ! ಅಷ್ಟರಲ್ಲಿ ನನ್ನ ವೈಕುಂಠ ಸಮಾರಾಧನೆ ಊಟ ಉಂಡವರೂ ನನ್ನನ್ನ ಮರೆತಿರ್ತಾರೆ. ಮಧ್ಯದಲ್ಲಿ ನಿಲ್ಲೋದೇ ಇಲ್ವಾ?"

"ಫೀಸು ಕಟ್ಟೋದು ಮರೆತರೆ ನಿಲ್ಲುತ್ತೆ."

"ಮರೀತಾರಾ?"

"ಇಲ್ಲ. ನಾನು ನೆನಪಿಸ್ತೀನಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಒಳಗೆ ಮಗಳು ಟಿವಿ ಹಾಕಿಕೊಂಡಿದ್ದಳು. ತರಕಾರಿ ತರಲು ಹೇಳುವ ದನಿಯಲ್ಲಿ, "ಹಾಗಾದರೆ ಮರೀಬೇಡ ಕಣೇ. ನಿನ್ನ ಕೆಲಸ ಹೋದರೆ ಇವಳನ್ನ ಯಾರು ನೋಡ್ಕೋತಾರೆ?" ಅಂದಳು. ನಾನು ಕಾಫಿ ಬಿಸಿ ಮಾಡಲು ಎದ್ದುಹೋದೆ.

ಆ ಚಳಿಗಾಲವನ್ನು ಅಕ್ಕ ದಾಟಲಿಲ್ಲ. ಭಾವನಿಗೆ ರಾತ್ರಿ ಪಾಳಿ, ಹಾಗಾಗಿ ಮಗಳು ಆರ್.ಕೆ.ಪುರಂನ ನನ್ನ ಮನೆಗೆ ಬಂದಳು. ವೈಕುಂಠ ಸಮಾರಾಧನೆ ಮುಗಿಸಿ ಆಫೀಸಿಗೆ ಹೋದರೆ ಮೇಜಿನ ಮೇಲೆ ಅದೇ ಫೈಲು ಕಾದಿತ್ತು. ಫೀಸಿನ ತಾರೀಖು ಹತ್ತಿರ ಬಂದಿತ್ತು, ಬೇರೆ ಯಾರೂ ಮುಟ್ಟಿರಲಿಲ್ಲ. ಹಾಳಾಗಿಹೋಗಲಿ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಪತ್ರ ಬರೆದು, ಎರಡು ಸಲ ಓದಿ, ಕಳಿಸಿದೆ.

ಸಂಜೆ ಬಾಗಿಲು ತೆಗೆದವಳು ಅಕ್ಕನ ಮಗಳು. "ಚಿಕ್ಕಮ್ಮ, ನಾಳೆ ಸ್ಕೂಲ್ ಫೀಸ್ ಕಾ ಲಾಸ್ಟ್ ಡೇಟ್ ಹೈ. ಮರೀಬೇಡ, ಅಚ್ಛಾ?"

"ಇಲ್ಲ ಪುಟ್ಟೀ," ಅಂದೆ, "ನಾನು ಮರೆಯಲ್ಲ."