ವಾರಗಿತ್ತಿಯ ಹವಳ

ಕಡಲಡಿಯ ದಿಬ್ಬದ ಹವಳ ಸಾಯತೊಡಗಿದಾಗ, ಕಡಲು ಓದಿದವರು ಬಂದು ಬೆಸ್ತರ ಹೆಂಗಸರಿಗೆ ಹವಳ ಬೆಳೆಸುವುದನ್ನು ಕಲಿಸಿ, ನೀರೊಳಗೆ ತಲೆಗೊಂದು ಕಬ್ಬಿಣದ ಚೌಕಟ್ಟು ಕೊಟ್ಟರು. ಒಂದು ಮನೆಯ ಹಿರಿಸೊಸೆಯ ಹವಳ ಬಿಳಿಚಿ ಸತ್ತಿತು. ಪಕ್ಕದಲ್ಲೇ ಕಿರಿಸೊಸೆಯದು ಪೊದೆಯಾಯಿತು.

"ಅತ್ತೆ ಆಯ್ತು, ಈಗ ಹವಳಾನೂ ಅವಳ ಕಡೆಗೇ!"

ಹಿರಿಯವಳು ಒಬ್ಬಳೇ ಮುಳುಗಿದಳು. ಅಷ್ಟು ನೀರಿಗೂ ಅವಳ ಹೊಟ್ಟೆಕಿಚ್ಚು ಆರಲಿಲ್ಲ. ವಾರಗಿತ್ತಿಯ ಹವಳದ ಕೊಂಬೆಗಳನ್ನು ಲಟಲಟನೆ ಮುರಿದು ಬಂದಳು.

ಮರುದಿನ ಕಿರಿಯವಳು ನಗುತ್ತಾ ದಡ ಹತ್ತಿದಳು. "ಅಕ್ಕಾ, ಅಲೆಗೋ ಏನೋ, ಕೊಂಬೆ ಮುರಿದು ಬಿದ್ದಿದ್ವು. ಮುರಿದ ತುಂಡೇ ಅಲ್ವಾ ನಮಗೆ ಸಸಿ? ಎಲ್ಲಾ ನಿಮ್ಮ ಚೌಕಟ್ಟಿಗೇ ಕಟ್ಟಿದೀನಿ."

ಈಗ ಹಿರಿಯವಳ ಚೌಕಟ್ಟು ತುಂಬಿದೆ. ಯಾರಾದರೂ ಹೊಗಳಿದರೆ ಸಾಕು, ಸಿಡುಕುತ್ತಾಳೆ: "ಒಳ್ಳೆಯವಳು ಅನ್ನಿಸ್ಕೊಳ್ಳೋದನ್ನಾದ್ರೂ ನನಗೆ ಬಿಟ್ಟಳಾ ಆ ಮಹಾತಾಯಿ?"