ಸೊಸೆಯ ಏಪ್ರನ್ ಕಟ್ಟಿಕೊಂಡವನು

ದಕ್ಷಿಣ ಆಫ್ರಿಕಾದ ಪೆಡ್ಡಿಯ ನಮ್ಮ ಕಡೆ ಯಾವ ದಿನ ಸತ್ತರೂ ಮಣ್ಣು ಮಾಡುವುದು ಶನಿವಾರವೇ. ನನ್ನ ದೊಡ್ಡಣ್ಣ ಹೋದಾಗ, ಝೊಲೇಕಾಳ ಕಾನೂನು ಪದವಿಯ ಕೊನೆಯ ಪರೀಕ್ಷೆಯೂ ಅದೇ ಶನಿವಾರಕ್ಕೆ ಬಿತ್ತು. ತಪ್ಪಿದರೆ ಒಂದು ವರ್ಷ ನೀರುಪಾಲು, ವಿದ್ಯಾರ್ಥಿವೇತನವೂ ಅಲ್ಲಿಗೇ ನಿಲ್ಲುತ್ತಿತ್ತು.

ಝೊಲೇಕಾ ನನ್ನ ಇನ್ನೊಬ್ಬ ಅಣ್ಣನ ಮಗ ಥೆಂಬಿಲೆಯ ಹೆಂಡತಿ. ತಂದೆಯಿಲ್ಲದ ಥೆಂಬಿಲೆಯನ್ನು ಸಾಕಿದವನು ಈ ದೊಡ್ಡಣ್ಣನೇ. ಸಾವಿನ ಮನೆಯಲ್ಲಿ ಸೊಸೆಯಾದವಳು ತಲೆಗೆ ವಸ್ತ್ರ, ಹೆಗಲಿಗೆ ಶಾಲು ಹೊದ್ದು ಅಡುಗೆಯ ಹಂಡೆಯ ಮುಂದೆ ಇರಬೇಕು. ಇಲ್ಲದಿದ್ದರೆ ಊರವರ ಬಾಯಿಗೆ ಬೀಗ ಹಾಕುವವರು ಯಾರು?

ಬೆಳಗ್ಗೆ, ಪರೀಕ್ಷೆ ನಡೆಯುವ ಈಸ್ಟ್ ಲಂಡನ್ ಪಟ್ಟಣಕ್ಕೆ ಹೋಗುವ ಟ್ಯಾಕ್ಸಿ ಹಾರ್ನ್ ಹೊಡೆಯಿತು. ನನ್ನ ಅತ್ತಿಗೆ, ಥೆಂಬಿಲೆಯ ತಾಯಿ ಮಮ್‌ಟೊಲೊ, ಗೇಟಿಗೆ ಅಡ್ಡ ನಿಂತಳು.

"ದೊಡ್ಡ ಮಾವನ ಹೆಣ ಒಳಗಿದೆ. ಪೆನ್ನು ಹಿಡ್ಕೊಂಡು ಎಲ್ಲಿಗಮ್ಮಾ ಸವಾರಿ?"

ಝೊಲೇಕಾ ಚೀಲ ಕೆಳಗಿಟ್ಟೇಬಿಟ್ಟಳು. ಅಷ್ಟರಲ್ಲಿ ಥೆಂಬಿಲೆ ಬಂದು ಅವಳ ಸೊಂಟದ ಏಪ್ರನ್ ಬಿಚ್ಚಿ ತಾನೇ ಕಟ್ಟಿಕೊಂಡ.

"ಅಮ್ಮಾ, ನಿಂಗೆ ಸೊಸೆ ಬೇಕು ತಾನೆ? ಇವತ್ತು ನಾನೇ ಸೊಸೆ. ನೀ ಹೋಗೇ, ಟ್ಯಾಕ್ಸಿ ಕಾಯಲ್ಲ."

"ಮದ್ದು ಹಾಕಿದಾಳೆ! ನನ್ ಮಗಂಗೆ ಮದ್ದು ಹಾಕಿದಾಳೆ!" ಎಂದು ಮಮ್‌ಟೊಲೊ ಎದೆ ಬಡಿದುಕೊಂಡಳು. ಝೊಲೇಕಾಳನ್ನು ಹತ್ತಿಸಿಕೊಂಡು ಟ್ಯಾಕ್ಸಿ ಹೋಯಿತು.

ಥೆಂಬಿಲೆ ಹೆಂಗಸರ ನಡುವೆ ಕೂತು ಎಲೆಕೋಸು ಹೆಚ್ಚಿದ, ಮೂರು ಕಾಲಿನ ಹಂಡೆಯಲ್ಲಿ ಮೆಕ್ಕೆಜೋಳ ಮತ್ತು ಬೀನ್ಸ್ ತಿರುವಿದ. ಹೊಗೆಗೆ ಕಣ್ಣು ಕೆಂಡವಾಗಿತ್ತು. ನೆರೆಯ ಹೆಂಗಸರು ಕಿಸಕ್ಕೆಂದರು. ದನದ ಕೊಟ್ಟಿಗೆಯ ಬಳಿ ಮಾಂಸ ಬೇಯಿಸುತ್ತಿದ್ದ ಗಂಡಸರು ನಗಲಿಲ್ಲ. ನನಗೆ ಭಯವಾದದ್ದು ಆಗಲೇ.

ಗುಂಡಿಯ ಬಳಿ ಅವರ ಸಿಟ್ಟು ಹೊರಬಿತ್ತು. ಹೆಂಗಸರು ಹಾಡುತ್ತಿದ್ದಂತೆ ಗಂಡಸರು ಸರದಿಯಂತೆ ಸಲಿಕೆ ಹಿಡಿದು ಮಣ್ಣು ತುಂಬುತ್ತಿದ್ದರು. ಏಪ್ರನ್ನಿನಲ್ಲೇ ಬಂದಿದ್ದ ಥೆಂಬಿಲೆ ಕೈಚಾಚಿದ. ನನ್ನ ತಮ್ಮ ಫುಮ್ಲಾನಿ ಸಲಿಕೆಯನ್ನು ಹಿಂದಕ್ಕೆ ಎಳೆದುಕೊಂಡ.

"ಸೊಸೆಯಂದ್ರು ಮಣ್ಣು ಹಾಕಲ್ಲ. ಹೋಗು, ಹೆಂಗಸರ ಜೊತೆ ನಿಂತ್ಕೋ."

ಹಾಡು ನಿಂತುಹೋಯಿತು. ಥೆಂಬಿಲೆಯ ಮುಖ ನೋಡಲಾಗಲಿಲ್ಲ. ತನ್ನನ್ನು ಎತ್ತಿ ಆಡಿಸಿದವನ ಗೋರಿಗೆ ಒಂದು ಹಿಡಿ ಮಣ್ಣು ಹಾಕುವ ಹಕ್ಕೂ ಅವನಿಗಿಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ಮಮ್‌ಟೊಲೊ ಹೆಂಗಸರ ಸಾಲು ದಾಟಿ ಬಂದಳು. ಗಂಡಸರ ನಡುವೆ ಅವಳು ಹಾಗೆ ನುಗ್ಗಿದ್ದನ್ನು ನಾನು ಕಂಡೇ ಇರಲಿಲ್ಲ.

"ಮದ್ದು ತಿಂದಿದ್ರೂ ನನ್ ಮಗನೇ ಅವ್ನು. ಮಧ್ಯಾಹ್ನ ಅವ್ನು ಬೇಯ್ಸಿದ್ದನ್ನೇ ತಾನೆ ನೀವೆಲ್ಲ ನುಂಗೋದು? ಕೊಡು ಸಲಿಕೆ."

ಫುಮ್ಲಾನಿ ಸುತ್ತ ನೋಡಿದ. ಸಲಿಕೆ ಕೊಟ್ಟ.

ಝೊಲೇಕಾ ಬಂದಾಗ ಊಟ ಮುಗಿದಿತ್ತು. ಗಂಡನ ಏಪ್ರನ್ನಿನ ಮೇಲೆ ಗೋರಿಯ ಕೆಂಪು ಮಣ್ಣು ಕಂಡು ಅವಳು ಗೇಟಿನಲ್ಲೇ ನಿಂತುಬಿಟ್ಟಳು.

"ಎಲ್ಲಾ ಬರೆದ್ಯಾ?" ಎಂದ ಥೆಂಬಿಲೆ.

"ಎಲ್ಲಾ."

ಮಮ್‌ಟೊಲೊ ಅವಳ ಮುಖ ನೋಡಲಿಲ್ಲ. ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ಅವಳ ಕೈಗೆ ತುರುಕಿದಳು.

"ತಿನ್ನು. ಉಪ್ಪು ಜಾಸ್ತಿ ಹಾಕಿದಾನೆ ನಿನ್ ಗಂಡ. ಬಾಯಿ ಬಿಟ್ಟು ಯಾರ ಹತ್ರನೂ ಹೇಳ್ಬೇಡ."